ಬೆನ್ನ ಮೇಲಿನ ಮುಖ

ಬಸವೇಶ್ವರನಗರ
ಜನವರಿ ೧೯, ೨೦೨೫

ಪ್ರೀತಿಯ ಗಿರಿಜಾದೇವಿ ಮಿಸ್,

ನಮಸ್ಕಾರ. ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಎರಡು ಸಲ ಉತ್ತರ ಬರೆದು ಹರಿದೆ, ಅದಕ್ಕೇ ತಡ. ಕ್ಷಮಿಸಿ. ದಾವಣಗೆರೆಯ ಚಳಿಗೆ ಮಂಡಿನೋವು ಹೆಚ್ಚಿಲ್ಲ ತಾನೇ? ನಮ್ಮ ಸ್ಕೂಲಿನ ಸಹಾಯಾರ್ಥ ನಡಿಗೆಯ ಫೋಟೋ ಪೇಪರಿನಲ್ಲಿ ನೋಡಿ, ನಿಮ್ಮ ಹಳೆಯ ವಿದ್ಯಾರ್ಥಿನಿ ಅಲ್ಲಿ ಟೀಚರ್ ಎಂದು ಹೆಮ್ಮೆಪಟ್ಟಿರಂತೆ. ಆ ಹೆಮ್ಮೆಯನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ.

ಕೀರ್ತನಾ ನನ್ನ ಎಂಟನೇ ತರಗತಿಯ ಹುಡುಗಿ. ಹೇರೋಹಳ್ಳಿಯಿಂದ ಬರುತ್ತಾಳೆ. ಅವಳ ಅಪ್ಪ ಮಧುಕುಮಾರ್ ನಮ್ಮ ಸ್ಕೂಲ್ ವ್ಯಾನಿನ ಡ್ರೈವರ್. ಅಕ್ಟೋಬರಿನಲ್ಲಿ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ನಿಗೆ ಎಲ್ಲರೂ ಸೇರಿ ಹಣ ಕೂಡಿಸೋಣ ಎಂದು ಸ್ಟಾಫ್ ರೂಮಿನಲ್ಲಿ ಮೊದಲು ಎದ್ದು ನಿಂತವಳು ನಾನೇ. ಮಕ್ಕಳು ಕೇಕ್ ಮಾರಿದರು, ಹಳೆಯ ಪುಸ್ತಕ ಮಾರಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಆಮೇಲೆ ನಮ್ಮ ಪ್ರಿನ್ಸಿಪಾಲ್ ವಿಶ್ವಾರಾಧ್ಯ ಅವರಿಗೆ ಟೀ ಶರ್ಟು ಮಾರಿ ಹಣ ಕೂಡಿಸುವ ಯೋಚನೆ ಬಂತು. ಕುರುಬರಹಳ್ಳಿಯವರೆಗೆ ನಡಿಗೆ, ಪ್ರತಿಯೊಬ್ಬರ ಬೆನ್ನ ಮೇಲೂ ಕೀರ್ತನಾಳ ಮುಖ. ಫೋಟೋ ತೆಗೆಯುತ್ತಾರೆ ಎಂದು ಕೇಳಿ ಅವಳಮ್ಮ ಲಿಂಗಮ್ಮ ಮಗಳಿಗೆ ಹಬ್ಬದ ಚೂಡಿದಾರ್ ತೊಡಿಸಿ, ಮಲ್ಲಿಗೆ ಮುಡಿಸಿ ಕಳಿಸಿದ್ದರು. ಆರ್ಟ್ ಟೀಚರ್ ರಾಗಿಣಿ ನಕ್ಕಳು. "ಅಯ್ಯೋ ಪುಟ್ಟಾ, ಮದುವೆಗೆ ಹೊರಟಂಗಿದೀಯಲ್ಲೇ! ಹೂ ತೆಗಿ. ಸ್ವಲ್ಪ ಡಲ್ಲಾಗಿ ನೋಡು. ಅಪ್ಪನ್ನ ನೆನೆಸ್ಕೋ." ಹುಡುಗಿ ಹೇಳಿದಂತೆ ಅಪ್ಪನನ್ನು ನೆನೆಸಿಕೊಂಡಳು. ಕಣ್ಣು ತುಂಬಿತು. "ಹಾಂ, ಇದೇ ಬೇಕಿತ್ತು!" ಎಂದು ರಾಗಿಣಿ ಫೋಟೋ ತೆಗೆದಳು. ತೆಗೆದ ಹೂವನ್ನು ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ನಾನು.

ಮುನ್ನೂರು ಬೆನ್ನುಗಳ ಮೇಲೆ ಅವಳು ಅಳುತ್ತಾ ನಡೆದಳು. ಅವಳಿಗೂ ಅದೇ ಟೀ ಶರ್ಟು ಹಾಕಿಸಿದ್ದರು.

ಮುಂದಿನ ವಾರ ಕ್ಲಾಸಿನಲ್ಲಿ ಸಂಪತ್ ಎಂಬ ಹುಡುಗ ಕೂಗಿದ. "ಏಯ್ ಕೀರ್ತನಾ, ನಮ್ಮಮ್ಮ ನಿನ್ ಮುಖದಲ್ಲಿ ಕಾರ್ ಒರೆಸಿದ್ರು ಕಣೇ!" ಕ್ಲಾಸೆಲ್ಲ ನಕ್ಕಿತು. ಮಾರನೆಯ ದಿನದಿಂದ ಅವಳು ಬಂದಿಲ್ಲ. ಇವತ್ತಿಗೆ ಮೂರು ವಾರ.

ನಾನು ಪ್ರಿನ್ಸಿಪಾಲರ ಎದುರು ಜೀವನದಲ್ಲಿ ಮೊದಲ ಸಲ ಕಿರುಚಿದೆ. ಅವರು ಶಾಂತವಾಗಿ, "ಮೇಡಂ, ಮುಖ ತೋರಿಸ್ದೆ ಯಾರು ಕೊಡ್ತಾರೆ ಹೇಳಿ? ಮಧು ಈಗ ಎದ್ದು ಓಡಾಡ್ತಿಲ್ವಾ?" ಎಂದರು. ಓಡಾಡುತ್ತಿದ್ದಾರೆ, ವಾಕರ್ ಹಿಡಿದು. ಆ ಮನುಷ್ಯ ನಡೆಯುವುದು ಮುಖ್ಯವೋ, ನನ್ನ ಸಿಟ್ಟು ಮುಖ್ಯವೋ? ಹೊಟ್ಟೆ ತುಂಬಿದವಳ ಸಿಟ್ಟೇ ಇದು? ರಾತ್ರಿಯೆಲ್ಲ ಕೇಳಿಕೊಂಡೆ. ಇಲ್ಲ ಮಿಸ್. ಅಪ್ಪ ನಡೆಯಲು ಮಗಳು ತಲೆ ತಗ್ಗಿಸಲೇಬೇಕು ಎಂದು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಅದನ್ನು ಸೇರಿಸಿದವರು ನಾವು.

ನಿನ್ನೆ ಹೇರೋಹಳ್ಳಿಗೆ ಹೋಗಿದ್ದೆ. ಲಿಂಗಮ್ಮ ಕಾಫಿ ಕೊಟ್ಟರು, ಕೂತುಕೊಳ್ಳಲಿಲ್ಲ. "ನಿಮ್ ಉಪ್ಕಾರ ಸಾಯೋಗಂಟ ಮರೆಯಲ್ಲ ಮಿಸ್. ಆದ್ರೆ ಟೀಸಿ ಕೊಡ್ಸಿಬಿಡಿ. ಇಲ್ಲೇ ಸರ್ಕಾರಿ ಸ್ಕೂಲಿಗೆ ಸೇರಿಸ್ತೀನಿ. ನಮ್ ಬೀದೀಲೇ ಒಬ್ರು ಆ ಬನೀನು ಹಾಕ್ಕೊಂಡು ಹಾಲಿಗ್ ಬರ್ತಾರೆ. ಇವ್ಳು ಬಾಗ್ಲಿಗೇ ಬರಲ್ಲ."

ವಾಪಸು ಬಾ ಎಂದು ಕೀರ್ತನಾಳನ್ನು ಬಹಳ ಕೇಳಿಕೊಂಡೆ. ಒಪ್ಪಲಿಲ್ಲ. ಟೀಸಿಯ ಅರ್ಜಿಗೆ ಕ್ಲಾಸ್ ಟೀಚರ್ ಆದ ನಾನು ನಾಳೆ ಸಹಿ ಹಾಕಬೇಕು.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಮಾತ್ರೆ ತಪ್ಪಿಸಬೇಡಿ. ಈ ಸಲ ನನಗೆ ಆಶೀರ್ವಾದ ಬೇಡ, ಬೈದು ಬರೆಯಿರಿ.

ನಿಮ್ಮ,
ಚೈತನ್ಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಾನು ಏಳನೇ ತರಗತಿಯಲ್ಲಿದ್ದಾಗ ನೀವು ನನ್ನನ್ನು ಲೈಬ್ರರಿಗೆ ಕರೆದು, "ನನ್ ಮಗಳಿಗೆ ಚಿಕ್ಕದಾಯ್ತು, ನೀನು ಹಾಕ್ಕೋ" ಎಂದು ಒಂದು ಜೊತೆ ಶೂ ಕೊಟ್ಟಿರಿ. ನಿಮಗೆ ಮಗಳೇ ಇರಲಿಲ್ಲ ಎಂದು ನನಗೆ ಗೊತ್ತಾಗಿ ಇಪ್ಪತ್ತು ವರ್ಷವಾಯಿತು. ನಿನ್ನೆ ಕೀರ್ತನಾ ಕೇಳಿದಳು, "ಮಿಸ್, ನಿಮ್ಗೆ ಯಾವತ್ತಾದ್ರೂ ಯಾರಾದ್ರೂ ಹಿಂಗೆ ಕೊಟ್ಟಿದಾರಾ?" ನಾನು ಒಂದು ಕ್ಷಣವೂ ಯೋಚಿಸದೆ "ಇಲ್ಲ" ಎಂದೆ. "ಹಂಗಾದ್ರೆ ನಿಮ್ಗೆ ಗೊತ್ತಾಗಲ್ಲ ಬಿಡಿ ಮಿಸ್" ಎಂದು ಒಳಗೆ ಹೋದಳು.