ಶಾಸಕರ ಉದ್ದೇಶ

ಸಲಾಲಾ, ಒಮಾನ್, ೧೪ ನವೆಂಬರ್ ೨೦೨೪, ಗುರುವಾರ

ಶಾಲೆಯ ಚರ್ಚಾಸ್ಪರ್ಧೆಗೆ ಮಗಳು ಶಾಲೆಟ್‌ಳನ್ನು ಸಿದ್ಧಗೊಳಿಸುತ್ತಿದ್ದೆ. ಎದುರಾಳಿಯ ತೀರ್ಮಾನವನ್ನು ಪ್ರಶ್ನಿಸಬೇಕು, ಉದ್ದೇಶವನ್ನಲ್ಲ ಎಂಬುದು ಕಾಲೇಜಿನ ದಿನಗಳಿಂದಲೂ ನನ್ನ ನಿಯಮ.

"ಪಪ್ಪಾ, ಊರಿನ ಎಂಎಲ್‌ಎ ವೋಟಿಗೋಸ್ಕರ ಹೈವೇ ಡಿವೈಡರ್ ಒಡೆಸಿದ್ದು ಅಂತ ನೀವೇ ಹೇಳ್ತೀರಲ್ಲ, ಪ್ರೂಫ್ ಉಂಟಾ?" ಎಂದಳು.

ಇರಲಿಲ್ಲ. ಆ ತೆರಪಿನಲ್ಲಿ ಬೈಕ್ ತಿರುಗಿಸುವಾಗಲೇ ಮಗ ಅವಿಲ್ ಲಾರಿಗೆ ಸಿಕ್ಕಿ ತೀರಿಕೊಂಡದ್ದು. ನಾಲ್ಕು ವರ್ಷಗಳಿಂದ ಶಾಸಕರ ದುರುದ್ದೇಶವನ್ನೇ ಸಾರುತ್ತಿದ್ದೇನೆ. ಇಂದು ಮಾತ್ರ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಸುತ್ತಿ ಬರುವ ಜನರಿಗೆ ಅನುಕೂಲವಾಗಲೆಂದೇ ಆತ ಒಡೆಸಿದ್ದರೆ? ತೀರ್ಮಾನವಂತೂ ತಪ್ಪು.

ಬೈಕನ್ನು ಕೊಡಿಸಿದವನು ನಾನು. ನನ್ನ ಉದ್ದೇಶವನ್ನು ಹೆಂಡತಿ ಇಸಾಬೆಲ್ಲಾ ಒಂದು ದಿನವೂ ಪ್ರಶ್ನಿಸಲಿಲ್ಲ. ತೀರ್ಮಾನವನ್ನೂ ಪ್ರಶ್ನಿಸಲಿಲ್ಲ. ಏಕೆಂದು ಕೇಳಬೇಕು. ಅವಳಿನ್ನೂ ಎಚ್ಚರವಾಗಿರಬಹುದು, ಆದರೆ ಅವಳ ಉತ್ತರ ಕೇಳಲು ನನಗೇ ಹೆದರಿಕೆ.