ನೀಲಗಾವಲಿನ ಚಿತ್ರದಿಂದ ಕತ್ತರಿಸಿದ ನಗು

ದಾವಣಗೆರೆ,
ಕ್ರಿ.ಶ. ೨೪೧೨, ಹದಿಮೂರನೆಯ ತಿಂಗಳ ಆರನೆಯ ದಿನ

ಚಿನ್ಮಯಿ ಐರಣಿ ಅವರಿಗೆ ತುಂಬೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಚಿತ್ರದಿಂದಲೇ ಕಲಿತವಳು. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಮ್ಮಲ್ಲಿ ಹಿಂದೋಲೆ ಎಂಬುದೊಂದಿದೆ, ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಓಲೆ. ಹೆಚ್ಚಿನವರು ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಸಿಟ್ಟಿನಿಂದಲೇ.

ನಾನು ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವಳು. ‘ನೀಲಗಾವಲು’ ಎಂಬ ಕಲ್ಪಿತ ರಾಜ್ಯದ ಕಾದಂಬರಿಗಳು ಇಂದು ಉಳಿದಿಲ್ಲ. ಉಳಿದದ್ದು ಅದರ ಅಭಿಮಾನಿಗಳ ಬಗ್ಗೆ ನೀವು ಮಾಡುತ್ತಿರುವ ಸಾಕ್ಷ್ಯಚಿತ್ರ ಮಾತ್ರ. ಮೆಸ್ಸಿನ ಕೋಣೆಯಲ್ಲಿ ಸೇರುತ್ತಿದ್ದ ಒಂಬತ್ತು ಜನ ನಲವತ್ತು ಸಾವಿರವಾದದ್ದು, ಕಾದಂಬರಿಯಲ್ಲಿದ್ದಂತೆ ಹೊಳೆಯವರು, ಬೆಟ್ಟದವರು ಎಂದು ಎರಡು ಪಂಗಡ ಕಟ್ಟಿಕೊಂಡು ನೀಲಿ, ಹಳದಿ ಅಂಗಿ ತೊಟ್ಟದ್ದು ಎಲ್ಲವೂ ಅದರಲ್ಲಿದೆ. ನಮ್ಮವರು ಅದನ್ನು ಹಿರಿಯರ ಚರಿತ್ರೆ ಎಂದುಕೊಂಡರು. ಇಂದಿಗೂ ಮಗು ಹುಟ್ಟಿದ ಹನ್ನೊಂದನೆಯ ದಿನ ಅಂಗಿಯ ಬಣ್ಣ ಗೊತ್ತುಮಾಡುತ್ತಾರೆ. ಬೆಳಿಗ್ಗೆ ಬಾಗಿಲಿಗೆ ಅದೇ ಬಣ್ಣದ ದಾರ ಕಟ್ಟದೆ ಯಾರೂ ಒಲೆ ಹಚ್ಚುವುದಿಲ್ಲ. ನೀರು ಹಿಡಿಯಲೂ ಎರಡು ಸಾಲು.

ಚಿತ್ರದ ಕೊನೆಯಲ್ಲಿ ಛತ್ರವೊಂದರಲ್ಲಿ ಅಭಿಮಾನಿಗಳ ಊಟದ ಪಂಕ್ತಿ ಬರುತ್ತದೆ. ಬೆಟ್ಟದ ಪಂಗಡದ ಬಕ್ಕೇಶಣ್ಣ ಎದ್ದು ನಿಂತು, “ಏ, ಹೊಳೆಯೋರು ನಮ್ಮ ಪಂಕ್ತ್ಯಾಗ ಕೂಡಂಗಿಲ್ಲ, ಹೇಳೀನಿ!” ಎಂದು ಗುಡುಗುತ್ತಾರೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆ ಒಂದು ಮಾತು ನಮಗೆ ಕಾನೂನಾಗಿ ಕೂತಿತು. ನಾವು ಬೆಟ್ಟದವರು, ನನ್ನ ಮಗಳು ಇಬ್ಬನಿ ಹೊಳೆಯವನನ್ನು ಮದುವೆಯಾದಳು. ನಾಲ್ಕು ವರ್ಷವಾಯಿತು, ಅವಳ ಕೈಯ ಒಂದು ತುತ್ತು ಉಂಡಿಲ್ಲ. ಮೊಮ್ಮಗಳಿಗೆ ನಾನು ಉಣಿಸುವಂತಿಲ್ಲ.

ಹೋದ ತಿಂಗಳು, ನೀವು ಕತ್ತರಿಸಿ ಬಿಟ್ಟ ತುಣುಕು ನನಗೆ ಸಿಕ್ಕಿತು. ಬಕ್ಕೇಶಣ್ಣ ಹಾಗೆಂದ ಮರುಗಳಿಗೆ ಛತ್ರಕ್ಕೆ ಛತ್ರವೇ ಬಿದ್ದು ಬಿದ್ದು ನಗುತ್ತದೆ. ಅವರೂ ನಗುತ್ತಾ, “ಬಾರವ್ವ ತಂಗಿ, ಮಿರ್ಚಿ ಆರತಾವ” ಎಂದು ನೀಲಿ ಅಂಗಿಯ ಹುಡುಗಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ತಮ್ಮ ಎಲೆಯಿಂದಲೇ ತೆಗೆದು ಕೊಡುತ್ತಾರೆ. ತುಣುಕಿನ ಜೊತೆ ನಿಮ್ಮ ಟಿಪ್ಪಣಿಯೂ ಇತ್ತು: ‘ನಗು ಬೇಡ. ನೋಡುವವರು ಇವರನ್ನು ಹುಚ್ಚರೆಂದಾರು.’ ಅವರು ನಗೆಪಾಟಲಾಗದಿರಲಿ ಎಂದು ಹಾಗೆ ಮಾಡಿದಿರಿ, ಅದು ನನಗೆ ಅರ್ಥವಾಗುತ್ತದೆ. ತುಣುಕನ್ನು ಹಿರಿಯರ ಸಭೆಗೆ ತೋರಿಸಿದೆ. ನಕಲಿ ಎಂದರು. ನಮ್ಮ ಪೂರ್ವಜರು ನಗುತ್ತಲೇ ಇರಲಿಲ್ಲವಂತೆ.

ಈ ಓಲೆ ತಲುಪುವ ದಿನ ನಿಮ್ಮ ಸಂಕಲನ ಇನ್ನೂ ಮುಗಿದಿರುವುದಿಲ್ಲ. ಆ ನಗುವನ್ನು ಚಿತ್ರದಲ್ಲಿ ಉಳಿಸಿ, ಕೈಮುಗಿದು ಕೇಳುತ್ತೇನೆ. ಉಳಿಸಿದರೆ ಇದನ್ನು ಬರೆಯುವ ಕಾರಣವೇ ನನಗಿರುವುದಿಲ್ಲ. ಹಾಳೆಯ ಅಕ್ಷರಗಳು ನಿಮ್ಮ ಕೈಯಲ್ಲೇ ಅಳಿಸಿಹೋದರೆ ಹೆದರಬೇಡಿ. ನಾನು ಮಗಳ ಮನೆಯಲ್ಲಿ ಊಟಕ್ಕೆ ಕೂತಿದ್ದೇನೆ ಎಂದು ತಿಳಿಯಿರಿ.

ತುಂಬೆ