ಫೋಟೋ ಇದ್ದ ಜಾಗದ ಮೊಳೆ

ಚಿನ್ನಿ,

ಮಧ್ಯಾಹ್ನ ನಿಮ್ಮಪ್ಪ ಬರುತ್ತಾರೆ. ಕುಣಿದಾಡಬೇಡ, ನಿನ್ನನ್ನು ನೋಡಲಿಕ್ಕಲ್ಲ. ಕಾರ್ಖಾನೆಯವರು ಅವರನ್ನು ಕೆಲಸದಿಂದ ತೆಗೆದ ಮೇಲೆ ನಿನ್ನ ಜೀವನಾಂಶ ನಿಂತುಹೋಗಿದೆಯಲ್ಲ, ಅದರ ಬದಲು "ಮನೇಲಿ ರಿಪೇರಿ ಏನಾದ್ರೂ ಇದ್ರೆ ನಾನೇ ಮಾಡಿಕೊಡ್ತೀನಿ ಕಣೇ" ಅಂತ ಫೋನಿನಲ್ಲಿ ಗೋಗರೆದರು. ಆಗಲಿ ಎಂದೆ.

ಬಚ್ಚಲಿನ ನಲ್ಲಿ ಸೋರುತ್ತಿದೆ, ತೋರಿಸು. ನಿನ್ನ ಬೀರುವಿನ ಬಾಗಿಲು ಜೋತುಬಿದ್ದಿದೆ, ಅದನ್ನೂ ತೋರಿಸು. ಸ್ಕ್ರೂಡ್ರೈವರ್, ಸುತ್ತಿಗೆ ಎಲ್ಲ ಮಂಚದ ಕೆಳಗಿನ ಡಬ್ಬದಲ್ಲಿವೆ. ಅವರಿಗೆ ಒಂದೂ ಬರುವುದಿಲ್ಲ ಅಂತ ನನಗೆ ಗೊತ್ತು. ನೀನು ಕೈಹಾಕಬೇಡ, ಒದ್ದಾಡಲಿ. ನೀರು ಕೇಳಿದರೆ ಕೊಡು, ಕಾಫಿ ಬೇಡ. ನಿನ್ನ ಮಾರ್ಕ್ಸ್ ವಿಚಾರಿಸಿದರೆ "ಮೊದಲು ಕೆಲಸ ಮುಗೀಲಿ" ಅನ್ನು.

"ನೀನೆಂಥ ಕಲ್ಲು ಮನಸ್ಸಿನವಳಮ್ಮ" ಅಂತೀಯ. ಅನ್ನು. ನಿನ್ನ ಶೂ ಕಿತ್ತುಹೋದಾಗ ನಾನು ಯಾರ ಮುಂದೆ ಕೈಚಾಚಿ ಹೊಸದು ತಂದೆ ಅಂತ ನೀನೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ಅನ್ನ, ಸಾರು ಒಲೆ ಮೇಲಿವೆ. ಬಿಸಿ ಮಾಡಿಕೊಂಡು, ಅವರು ಬರುವ ಮುಂಚೆಯೇ ಊಟ ಮಾಡಿ ಪಾತ್ರೆ ತೊಳೆದಿಡು. ಒಬ್ಬಳಿಗೆ ಆಗುವಷ್ಟೇ ಮಾಡಿದ್ದೇನೆ.

ಕೊನೆಯ ಕೆಲಸ, ಹಾಲ್ ಗೋಡೆಯಲ್ಲಿ ನಮ್ಮ ಮದುವೆ ಫೋಟೋ ಇದ್ದ ಜಾಗದ ಮೊಳೆ. ಇಷ್ಟು ವರ್ಷದಲ್ಲಿ ಈ ಮನೆಗೆ ನಿಮ್ಮಪ್ಪ ಕೈಯಾರೆ ಮಾಡಿದ ಕೆಲಸ ಅದೊಂದೇ. ಅದನ್ನು ಅವರ ಕೈಯಲ್ಲೇ ಕೀಳಿಸು. ತೂತಿಗೆ ಸಿಮೆಂಟ್ ತುಂಬಿಸಿ, ಮೇಲೆ ಬಣ್ಣ ಬಳಿಸು. ಅಲ್ಲಿ ಏನೋ ಇತ್ತು ಅಂತ ಯಾರಿಗೂ ಗೊತ್ತಾಗಬಾರದು.

ಬಣ್ಣ ಒಣಗುವ ತನಕ ಕೂತಿರ್ತೀನಿ ಅಂದರೆ, ಬಾಗಿಲು ಹಾಕಿಕೋ. ಹೊರಗೆ ಮೆಟ್ಟಿಲ ಮೇಲೆ ಕೂರಲಿ.

ಅಮ್ಮ